ಒಂದು ಗಿಡ, ಮೂರು ಹೆಸರು: ಬೇಸಗೆ ರಜೆಯ ಸಸ್ಯಸಂಗ್ರಹ

ಕಾಸರಗೋಡು ಎಂಬ ಹೆಸರಿನ ಮೂಲದ ಬಗ್ಗೆ ಎರಡು ವಾದಗಳಿವೆ. ಸಂಸ್ಕೃತದ ‘ಕಾಸಾರ’ ಮತ್ತು ‘ಕ್ರೋಡ’ ಎಂಬ ಪದಗಳು ಸೇರಿ ಅದು ಉಂಟಾಯಿತೆಂಬುದು ಒಂದು. ಕಾಸರಕದ ಮರಗಳು ಹೇರಳವಾಗಿದ್ದ ನೆಲವಾದುದರಿಂದ ಆ ಹೆಸರು ಬಂತೆಂಬುದು ಇನ್ನೊಂದು. ನಿರ್ಣಯವನ್ನು ವಿದ್ವಾಂಸರಿಗೆ ಬಿಡಬಹುದು. ಆದರೆ ಊರಿನ ಹೆಸರಿನೊಳಗೆ ಅಡಗಿರಬಹುದಾದ ಆ ಮರವನ್ನು ಎದುರಿಗೆ ಕಂಡಾಗ ‘ಇದೇ ಕಾಸರಕ’ ಎಂದು ಬೆರಳು ತೋರಿಸಬಲ್ಲ ಶಾಲಾಮಕ್ಕಳು ಎಷ್ಟು ಮಂದಿ ಇದ್ದಾರೆಂಬುದು ಮನೆಮನೆಯಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಗುರುತು ಕಷ್ಟದ್ದಲ್ಲ. ಎಲೆಗಳು ಕಡ್ಡಿಯ ಮೇಲೆ ಎದುರುಬದುರಾಗಿ ಜೋಡಿಜೋಡಿಯಾಗಿರುತ್ತವೆ. ಹೊಳಪುಳ್ಳ ಪ್ರತಿ ಎಲೆಯಲ್ಲೂ ಬುಡದಿಂದಲೇ ಮೂರೋ ಐದೋ ನರಗಳು ಹೊರಟು ತುದಿಯತ್ತ ಸಾಗುತ್ತವೆ. ಹಣ್ಣು ಉರುಟು, ಮಾಗಿದಾಗ ಕಿತ್ತಳೆ ಬಣ್ಣ. ಒಳಗಿನ ಬೀಜ ಅಂಗಿಯ ಗುಂಡಿಯಂತೆ ಚಪ್ಪಟೆ. ಆ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷವಿದೆ. ಕನ್ನಡದಲ್ಲಿ ಕಾಸರಕ, ತುಳುವಿನಲ್ಲಿ ಕಾಯೆರ್, ಮಲಯಾಳದಲ್ಲಿ ಕಾಞ್ಞಿರಂ. ಸಸ್ಯಶಾಸ್ತ್ರದಲ್ಲಿ ಇದು ಸ್ಟ್ರಿಕ್ನಾಸ್ ನಕ್ಸ್ ವಾಮಿಕಾ.

ಮಾರ್ಚ್ ತಿಂಗಳ ಪರೀಕ್ಷೆಗಳು ಮುಗಿದು ಜೂನ್ ತಿಂಗಳಲ್ಲಿ ಶಾಲೆ ತೆರೆಯುವವರೆಗಿನ ಎರಡು ತಿಂಗಳು ಇಂಥ ಗುರುತು ಹಿಡಿಯುವ ಕೆಲಸಕ್ಕೆ ಒದಗಿಬಂದ ಕಾಲ. ಮುರಕಲ್ಲಿನ ಪದವುಗಳಲ್ಲಿ ಹುಲ್ಲು ಒಣಗಿರುತ್ತದೆ ನಿಜ. ಆದರೆ ಪೊದೆಗಳೂ ಮರಗಳೂ ಹೂವು ಹಣ್ಣುಗಳಿಂದ ತುಂಬಿರುತ್ತವೆ. ಗುಡ್ಡದ ಅಂಚಿನಲ್ಲಿ ಕೇಪುಳದ ಕೆಂಪು ಗೊಂಚಲು, ಮಕ್ಕಳ ನಾಲಿಗೆಗೆ ನೇರಳೆ ಬಣ್ಣ ಬಳಿಯುವ ಕುಂಟಾಲ ಹಣ್ಣು, ತೋಟದ ಬದಿಯಲ್ಲಿ ಪುನರ್ಪುಳಿ. ವಿಷುವಿನ ಹೊತ್ತಿಗೆ ಕಕ್ಕೆಯ ಮರ ಹಳದಿ ಹೂಮಾಲೆಗಳನ್ನು ಇಳಿಬಿಟ್ಟಿರುತ್ತದೆ. ಕಳೆದ ವರ್ಷದ ಕಪ್ಪು ಕೋಡುಗಳೂ ಅದರಲ್ಲೇ ತೂಗುತ್ತಿರುತ್ತವೆ. ಕಣಿಕ್ಕೊನ್ನ ಎಂದು ಮಲಯಾಳದಲ್ಲಿ ಹೆಸರಾದ, ಕೇರಳದ ರಾಜ್ಯಪುಷ್ಪವಾದ ಮರ ಇದೇ.

ಸಂಗ್ರಹಕ್ಕೆ ಬೇಕಾದ ಸಾಮಗ್ರಿ ಅತ್ಯಲ್ಪ: ಹಳೆಯ ಪತ್ರಿಕೆಗಳ ಕಟ್ಟು, ಪೆನ್ಸಿಲ್, ಒಂದು ನೋಟುಪುಸ್ತಕ, ಸಾಧ್ಯವಾದರೆ ಕೈಮಸೂರ. ಬರಿಯ ಎಲೆ ತಂದರೆ ಸಾಲದು. ಗುರುತಿಗೆ ಹೂವು ಅಥವಾ ಕಾಯಿ ಇರುವ ಗೇಣುದ್ದದ ಟಿಸಿಲು ಬೇಕು. ಅದನ್ನು ಎಲೆಗಳು ಒಂದರ ಮೇಲೊಂದು ಬೀಳದಂತೆ ಪತ್ರಿಕೆಯ ನಡುವೆ ಹರಡಿ, ಮೇಲೆ ಭಾರವಿಟ್ಟು, ಮೊದಲ ಕೆಲವು ದಿನ ನಿತ್ಯವೂ ಕಾಗದ ಬದಲಾಯಿಸಬೇಕು. ಬೂಸಲು ಹಿಡಿಯುವ ಮಳೆಗಾಲಕ್ಕಿಂತ ಈ ಬಿಸಿಲುಗಾಲವೇ ಒಣಗಿಸಲು ಅನುಕೂಲ. ಒಣಗಿದ ಟಿಸಿಲನ್ನು ದಪ್ಪ ಹಾಳೆಗೆ ಹೊಲಿದು ಅಥವಾ ಅಂಟಿಸಿ, ಕೆಳಗಿನ ಬಲಮೂಲೆಯಲ್ಲಿ ವಿವರ ಬರೆಯುವುದು ಕ್ರಮ: ಎಲ್ಲಿ ಸಿಕ್ಕಿತು, ಯಾವ ದಿನಾಂಕ, ಮರವೋ ಪೊದೆಯೋ ಬಳ್ಳಿಯೋ, ಒಣಗುವ ಮೊದಲು ಹೂವಿನ ಬಣ್ಣ ಯಾವುದು, ಸಂಗ್ರಹಿಸಿದವರು ಯಾರು.

ಕಾಸರಗೋಡಿನ ಮಕ್ಕಳ ಹಾಳೆಯಲ್ಲಿ ಇನ್ನೂ ಒಂದು ಸಾಲು ಅಗತ್ಯ. ಆ ಗಿಡಕ್ಕೆ ಯಾವ ಭಾಷೆಯಲ್ಲಿ ಏನು ಹೆಸರು, ಮತ್ತು ಆ ಹೆಸರನ್ನು ಹೇಳಿದವರು ಯಾರು.

ಈ ಸಾಲಿಗೆ ಮುನ್ನೂರು ವರ್ಷಗಳಿಗೂ ಹಿಂದಿನ ಮೇಲ್ಪಂಕ್ತಿಯಿದೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಮಲಬಾರಿನ ಸಸ್ಯಗಳನ್ನು ಕುರಿತು ರೂಪಿಸಿದ ‘ಹೋರ್ಟುಸ್ ಮಲಬಾರಿಕುಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಕಾಞ್ಞಿರಂ ಮೊದಲ ಸಂಪುಟದಲ್ಲೇ ಇದೆ. ಮಾಹಿತಿ ನೀಡಿದ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ಪಂಡಿತರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಇವರ ಹೇಳಿಕೆಗಳು ಅದರಲ್ಲಿ ಅವರವರ ಹೆಸರಿನಲ್ಲೇ ಮುದ್ರಿತವಾಗಿವೆ. ಚಿತ್ರಗಳ ಮೇಲೆ ಲ್ಯಾಟಿನ್, ಮಲಯಾಳ, ಅರಬ್ಬಿ, ನಾಗರಿ ಲಿಪಿಗಳಲ್ಲಿ ಗಿಡದ ಹೆಸರುಗಳಿವೆ. ಕನ್ನಡ ಲಿಪಿ ಅಲ್ಲಿಲ್ಲ. ಕೇಳಿದ್ದು ಕೊಚ್ಚಿಯವರನ್ನು, ದೊರೆತದ್ದು ಅವರು ಬಲ್ಲ ಹೆಸರುಗಳು. ಯಾರನ್ನು ಕೇಳಲಾಯಿತೋ ಅವರ ಮಾತು ಉಳಿಯಿತು.

ಹೆಸರು ತಪ್ಪಿದರೆ ಏನಾಗುತ್ತದೆಂಬುದಕ್ಕೆ ‘ಬ್ರಾಹ್ಮಿ’ಯೇ ಸಾಕ್ಷಿ. ಕನ್ನಡದ ಮನೆಗಳಲ್ಲಿ ಬ್ರಾಹ್ಮಿ ಎಂದರೆ ಬಹುಮಟ್ಟಿಗೆ ಒಂದೆಲಗ, ತುಳುವಿನ ತಿಮರೆ, ತಂಬುಳಿಯ ಸೊಪ್ಪು. ಕೇರಳದ ವೈದ್ಯರು ಬ್ರಹ್ಮಿ ಎನ್ನುವುದು ಬೇರೊಂದು ಗಿಡಕ್ಕೆ. ಒಂದೆಲಗದ ಎಲೆ ದುಂಡು, ಅಂಚು ಕಚ್ಚುಕಚ್ಚು, ಉದ್ದ ತೊಟ್ಟಿನ ಮೇಲೆ ನಿಲ್ಲುತ್ತದೆ. ಅದು ಸೆಂಟೆಲ್ಲಾ ಏಷಿಯಾಟಿಕಾ. ಇನ್ನೊಂದರ ಎಲೆಗಳು ಚಿಕ್ಕವು, ರಸತುಂಬಿದವು, ಜೋಡಿಜೋಡಿಯಾಗಿ ಕಾಂಡಕ್ಕೇ ಅಂಟಿದವು. ಅದು ಬಕೋಪಾ ಮೊನ್ನಿಯೇರಿ. ಎರಡೂ ತೇವದ ನೆಲದಲ್ಲಿ ಹಬ್ಬುತ್ತವೆ, ಎರಡೂ ಔಷಧಿಗೆ ಒದಗುತ್ತವೆ, ಆದರೆ ಗಿಡಗಳು ಬೇರೆ. ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮಲಯಾಳವನ್ನೂ ಕೇಳುವ ಮಗುವಿಗೆ ಸಸ್ಯಶಾಸ್ತ್ರದ ಹೆಸರು ಏಕೆ ಬೇಕೆಂಬುದು ಇಲ್ಲಿ ಒಡನೆ ತಿಳಿಯುತ್ತದೆ.

ಗುರುತಿಗೆ ನೆರವಾಗುವ ಗ್ರಂಥಗಳೂ ಇವೆ. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟಿನಲ್ಲಿ ಅನೇಕ ಗಿಡಗಳ ಕನ್ನಡ ಹೆಸರಿನ ಎದುರು ಸಸ್ಯಶಾಸ್ತ್ರದ ಹೆಸರೂ ಇದೆ. ಗ್ಯಾಂಬಲ್ 1915ರಲ್ಲಿ ಆರಂಭಿಸಿದ ಮದ್ರಾಸ್ ಪ್ರಾಂತದ ಸಸ್ಯಕೋಶದಲ್ಲಿ ಕಾಸರಗೋಡು ಸೇರಿದ್ದ ಅಂದಿನ ದಕ್ಷಿಣ ಕನ್ನಡದ ಸಸ್ಯಗಳಿಗೂ ಸ್ಥಾನವಿದೆ. ಓದಿನ ಸಂತೋಷಕ್ಕೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕಲಿಸುತ್ತಿದ್ದ ಆ ಕನ್ನಡಿಗರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥನಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿದೆ.

ನಡಿಗೆಗೆ ಹೊರಡುವ ಮುನ್ನ ಕೆಲವು ಕಟ್ಟಳೆಗಳನ್ನು ಮಕ್ಕಳು ಅರಿತಿರಬೇಕು. ಹಿರಿಯರೊಬ್ಬರು ಜೊತೆಗಿರಬೇಕು, ಬೆಳಗಿನ ತಂಪಿನಲ್ಲಿ ಹೊರಟು ಬಿಸಿಲೇರುವ ಮೊದಲು ಮರಳಬೇಕು. ಗುರುತು ಖಚಿತವಾಗದ ಯಾವುದನ್ನೂ ಬಾಯಿಗಿಡಬಾರದು. ಕಾಸರಕದ ಬೀಜವಷ್ಟೇ ಅಲ್ಲ, ನೋಡಲು ಅಂದವಾದ ಗುಲಗಂಜಿಯೂ ವಿಷ. ಚೇರೆ ಮರದ ಸೊನೆ ತಗಲಿದರೆ ಚರ್ಮ ಬೊಬ್ಬೆಯೇಳುತ್ತದೆ. ನಸುಗುನ್ನಿಯ ಒಣಕೋಡಿನ ರೋಮ ಸೋಂಕಿದರೆ ತುರಿಕೆ ತಡೆಯಲಾಗದು. ಅನ್ಯರ ಜಾಗಕ್ಕೆ ಹೋಗುವಾಗ ಅನುಮತಿ ಕೇಳಬೇಕು. ಮೀಸಲು ಅರಣ್ಯದಲ್ಲಿ ಗಿಡ ಕೀಳುವುದು ಕಾನೂನಿಗೆ ವಿರುದ್ಧ. ನಾಗಬನಗಳಲ್ಲಿ ಎಲೆಯನ್ನೂ ಮುಟ್ಟದಿರುವುದು ಹಿರಿಯರ ಕಟ್ಟಳೆ. ಒಂದೇ ಗಿಡ ಕಂಡಲ್ಲಿ ಕೀಳದೆ ಚಿತ್ರ ಬರೆದುಕೊಂಡರೆ ಸಾಕು.

ಹೀಗೆ ಸಿದ್ಧವಾದ ಹಾಳೆಗಳು ಕಪಾಟಿನಲ್ಲೇ ಉಳಿಯಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಸ್ಥಳೀಯಾಡಳಿತ ಸಂಸ್ಥೆಗಳು ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಸ್ಥಳೀಯರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸುವುದು ಆ ಸಮಿತಿಯ ಮುಖ್ಯ ಕೆಲಸವೆಂದು 2004ರ ನಿಯಮಗಳು ಹೇಳಿದ್ದವು. ಆ ದಾಖಲೆಯಲ್ಲಿ ‘ಸ್ಥಳೀಯ ಹೆಸರು’ ಎಂಬ ಅಂಕಣವಿದೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಹಳ್ಳಿಗಳಲ್ಲಿ ಸ್ಥಳೀಯ ಹೆಸರೆಂದರೆ ಒಂದೇ ಭಾಷೆಯ ಹೆಸರಲ್ಲ. ಕನ್ನಡದ, ತುಳುವಿನ ಹೆಸರನ್ನು ಹೇಳುವವರು ಯಾರೂ ಬಾರದಿದ್ದರೆ ಆ ಅಂಕಣ ಬಂದವರ ಹೆಸರಿನಿಂದ ತುಂಬುತ್ತದೆ, ಅದರಲ್ಲಿ ಯಾರ ದೋಷವೂ ಇರುವುದಿಲ್ಲ. ಒಣಗಿದ ಮಾದರಿ, ದಿನಾಂಕ, ಜಾಗ, ಮೂರೂ ಹೆಸರು, ಹೇಳಿದ ಹಿರಿಯರ ಹೆಸರು ಇವೆಲ್ಲ ಇರುವ ಹಾಳೆಯನ್ನು ಶಾಲೆಯ ಮೂಲಕ ಪಂಚಾಯತಿಗೆ ಒಪ್ಪಿಸಿದರೆ ಅದನ್ನು ಪರಿಶೀಲಿಸುವುದು ಸುಲಭ.

ಗಿಡಗಳು ಮುಂದಿನ ಬೇಸಗೆಗೂ ಸಿಗಬಹುದು. ಹೆಸರು ಬಲ್ಲವರ ವಿಷಯದಲ್ಲಿ ಹಾಗೆ ಹೇಳಲಾಗದು. ತಂಬುಳಿಗೆ ಸೊಪ್ಪು ಆರಿಸುವ ಅಜ್ಜಿ, ಬೇಲಿಗೆ ಕೋಲು ಕಡಿಯುವ ಅಜ್ಜ, ದನ ಮೇಯಿಸಿದ ನೆರೆಮನೆಯವರು, ಇವರನ್ನು ಜೊತೆಗೆ ಕರೆದುಕೊಂಡು ಒಂದು ಮುಂಜಾನೆ ಗುಡ್ಡ ಹತ್ತಿದರೆ ಹತ್ತು ಹಾಳೆಗಳಿಗಾಗುವಷ್ಟು ಹೆಸರು ದೊರೆತೀತು. ಜೂನ್ ತಿಂಗಳ ಮೊದಲ ಮಳೆಗೆ ಇನ್ನೂ ಸಮಯವಿದೆ.