ನಿಮಗಿದು ಗೊತ್ತೆ? ಮರುಮದುವೆ ಹೊಸದೇನಲ್ಲ

ಹಳೆ ಮೈಸೂರು ಸೀಮೆಯ ಹಲವು ಸಮುದಾಯಗಳಲ್ಲಿ ಗಂಡನನ್ನು ಬಿಟ್ಟ ಹೆಣ್ಣಿಗೂ ವಿಧವೆಗೂ ಹೊಸ ಸೀರೆ ಉಡಿಸಿ ‘ಕೂಡಿಕೆ’ ಅಥವಾ ‘ಸೀರುಡಿಕೆ’ ಮಾಡುವ ಪದ್ಧತಿಯಿತ್ತು. ಆದರೆ ಮೊದಲ ಮದುವೆಯ ಮರ್ಯಾದೆ ಅದಕ್ಕೆ ಸಿಗುತ್ತಿರಲಿಲ್ಲ. ಆ ಅನ್ಯಾಯದ ನೆರಳು ಇಂದಿಗೂ ಉಳಿದಿದೆ.

ಕಾನೂನಿನಲ್ಲಿ ಅಂಥ ಭೇದವಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 15ನೇ ಕಲಮಿನಂತೆ, ವಿಚ್ಛೇದನದ ತೀರ್ಪಿನ ಮೇಲೆ ಯಾರೂ ಮೇಲ್ಮನವಿ ಹಾಕದೆ ಅವಧಿ ಮುಗಿದರೆ, ಅಥವಾ ಹಾಕಿದ ಮನವಿ ವಜಾ ಆದರೆ, ಇಬ್ಬರೂ ಮರುಮದುವೆ ಆಗಬಹುದು. ಈ ಅವಧಿ ಮೊದಲು 30 ದಿನವಿತ್ತು, 2003ರಲ್ಲಿ 90 ದಿನವಾಯಿತು. ಪಂಚಾಯಿತಿ ಕಟ್ಟೆಯಲ್ಲಿ ಬರೆದುಕೊಟ್ಟ ಬಿಡುಗಡೆ ಪತ್ರವನ್ನೇ ನಂಬಿ ಮದುವೆಗೆ ಮುಂದಾಗಬೇಡಿ.

ಹೊಸ ಬದುಕಿಗೆ ಮನಸ್ಸು ನೆಮ್ಮದಿಯಾಗಿರುವುದೂ ಮುಖ್ಯ, ಅವಸರ ಬೇಡ. ಪೆರೇಸಂದ್ರದ ಹೆಣ್ಣುಮಕ್ಕಳೇ, ಆದಾಯ ಎಷ್ಟೇ ಇರಲಿ, ನಿಮಗೆ ಉಚಿತ ಕಾನೂನು ನೆರವು ಸಿಗುತ್ತದೆ: 15100ಕ್ಕೆ ಕರೆ ಮಾಡಿ.