ಮೆಣಸಿನ ಗುಡಾಣ, ಮಧುವಿನ ಬಟ್ಟಲು

ಮೈಸೂರಿನ ನಮ್ಮ ಕುಂಬಾರಕೊಪ್ಪಲಿನ ಎದುರುಮನೆಯ ದಂಪತಿ ಬರುವ ಬೇಸಿಗೆಗೆ ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗು ಪ್ರವಾಸಕ್ಕೆ ಹೊರಟಿದ್ದಾರೆ. ಟಿಕೆಟ್ಟು ಮಗಳದು. ಮೊನ್ನೆ ಸಂಜೆ ಯಜಮಾನರು ಬಣ್ಣಬಣ್ಣದ ಪುಸ್ತಿಕೆಯೊಂದನ್ನು ತಂದು ನನ್ನ ಕೈಗಿಟ್ಟರು. "ನೋಡಿ ಮೇಷ್ಟ್ರೇ, ಬೆಳಿಗ್ಗೆ ಒಂದೂರಲ್ಲಿ ಶಿಲ್ಪ, ಚಿತ್ರ. ಸಂಜೆ ಇನ್ನೊಂದೂರಲ್ಲಿ ಸಂಗೀತ. ರಾತ್ರಿ ಅವರ ಊಟ. ಎಲ್ಲಾ ಚೆನ್ನಾಗಿದೆ. ಆದ್ರೆ ಅಷ್ಟು ದೂರದಲ್ಲಿ ನಮ್ಮದು ಅನ್ನೋದು ಏನಾದ್ರೂ ಸಿಗುತ್ತಾ?" ಅಂದರು. ಅವರ ಮನೆಯವರು ಗೇಟಿನ ಹತ್ತಿರ ನಿಂತೇ, "ನಾನಂತೂ ಸಾರಿನಪುಡಿ ಕಟ್ಕೊಂಡೇ ಹೋಗೋದು" ಎಂದು ತೀರ್ಮಾನ ಹೇಳಿದರು.

ಎರಡು ಮಾತಿಗೂ ಉತ್ತರ ಕೊಡಬಹುದಿತ್ತು, ಆದರೆ ಗೇಟಿನ ಬಳಿ ನಿಂತು ಹೇಳಿ ಮುಗಿಸುವಷ್ಟು ಚಿಕ್ಕ ಕಥೆಯಲ್ಲ ಅದು.

ಹೆಸರಿನಲ್ಲೇ ಮಡಕೆ ಹೊತ್ತ ಊರು ನಮ್ಮದು. ಈಗ ಒಂದು ಮಗ್ಗುಲಿಗೆ ಹೆಬ್ಬಾಳದ ಕಾರ್ಖಾನೆಗಳು, ಇನ್ನೊಂದು ಮಗ್ಗುಲಿಗೆ ಯೋಗ ಕಲಿಯಲು ದೇಶದೇಶದವರು ಬಂದಿಳಿಯುವ ಗೋಕುಲಂ. ಈ ಕಥೆಯನ್ನೂ ಮಡಕೆಯಿಂದಲೇ ಶುರು ಮಾಡುತ್ತೇನೆ. ಈಜಿಪ್ಟಿನ ಕೆಂಪು ಸಮುದ್ರದ ದಂಡೆಯಲ್ಲಿ ಬೆರೆನಿಕೆ ಎಂಬ ಹಾಳುಬಿದ್ದ ರೇವಿದೆ. ಅಲ್ಲಿನ ಗುಡಿಯ ಅಂಗಳವನ್ನು ಅಗೆದಾಗ ದೊಡ್ಡದೊಂದು ಗುಡಾಣ ಸಿಕ್ಕಿತು. ಮಣ್ಣು ಭಾರತದ್ದು, ಕೈಯೂ ಭಾರತದ ಕುಂಬಾರನದು. ಒಳಗೆ 7.55 ಕಿಲೋ ಕರಿಮೆಣಸು, ಸುಮಾರು 1,900 ವರ್ಷಗಳಿಂದ ಹಾಗೆಯೇ ಇತ್ತು. ಅದೇ ಕರಾವಳಿಯ ಕುಸೈರ್‌ನಲ್ಲಿ ಸಿಕ್ಕ ಒಂದು ಬೋಕಿಬಿಲ್ಲೆಯ ಮೇಲೆ ತಮಿಳು ಬ್ರಾಹ್ಮಿ ಲಿಪಿಯ ಬರಹವಿದೆ. ಐರಾವತಂ ಮಹದೇವನ್ ಅದನ್ನು ಓದಿ, ಹಗ್ಗದ ನೆಲುವಿನಲ್ಲಿ ತೂಗುಹಾಕುವ ಮಡಕೆ ಎಂದು ಅರ್ಥ ಹೇಳಿದರು. ಅಜ್ಜಿಯ ಅಡುಗೆಮನೆಯಲ್ಲಿ ಬೆಕ್ಕಿಗೆ ಎಟುಕದಂತೆ ಬೆಣ್ಣೆ ಇಡುತ್ತಿದ್ದ ನೆಲುವು ಅಷ್ಟು ದೂರ ಹೋಗಿ ಅಲ್ಲಿ ಹೆಸರು ಬರೆಸಿಕೊಂಡಿದೆ.

ಹಾಗಾದರೆ ಸಾರಿನಪುಡಿ? ಮೆಣಸು ನಮ್ಮ ಘಟ್ಟದ್ದು, ಸಂದೇಹವಿಲ್ಲ. ಆದರೆ ಕೊತ್ತಂಬರಿ, ಜೀರಿಗೆ, ಮೆಂತ್ಯದ ಮೂಲವನ್ನು ಹುಡುಕಿ ಹೊರಟ ಸಸ್ಯವಿಜ್ಞಾನಿಗಳು ಮೆಡಿಟರೇನಿಯನ್ನಿನ ಪೂರ್ವ ತೀರ, ಅದರ ಬೆನ್ನಿಗಿರುವ ಪಶ್ಚಿಮ ಏಷ್ಯಾ, ಈ ಕಡೆಗೇ ಬೆರಳು ತೋರಿಸುತ್ತಾರೆ. ಮೂರು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ಅರಮನೆಯ ಗುಮಾಸ್ತರು ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟ ಉಗ್ರಾಣದ ಲೆಕ್ಕದಲ್ಲಿ ಜೀರಿಗೆಯೂ ಇದೆ, ಕೊತ್ತಂಬರಿಯೂ ಇದೆ. ಇತ್ತ ರೋಮಿನ ಅಡುಗೆ ಪುಸ್ತಕವೆಂದು ಹೆಸರಾದ ಅಪಿಕಿಯಸ್‌ನ ಪಾಕಗಳಲ್ಲಿ ಮುಕ್ಕಾಲು ಪಾಲಿಗೆ ಮೆಣಸು ಬೀಳುತ್ತದೆ. ಅವರ ಬೀಜ ನಮ್ಮ ಒಗ್ಗರಣೆಗೆ ಬಂತು, ನಮ್ಮ ಕಾಳು ಅವರ ಸಾರಿಗೆ ಹೋಯಿತು. ಎದುರುಮನೆಯ ಅಮ್ಮ ಡಬ್ಬಿಯಲ್ಲಿ ತುಂಬಿಕೊಂಡು ಹೋಗುವುದರಲ್ಲಿ ಅರ್ಧ ತವರಿಗೆ ಮರಳುವ ಸರಕು.

ಇದನ್ನೆಲ್ಲ ಸಾಗಿಸಿದ್ದು ಮುಂಗಾರು ಗಾಳಿ. ಈಜಿಪ್ಟಿನಿಂದ ಜುಲೈ ಹೊತ್ತಿಗೆ ಹೊರಟ ಹಡಗು ನೈಋತ್ಯದ ಗಾಳಿ ಹಿಡಿದು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿತ್ತು, ಗಾಳಿ ತಿರುಗಿದ ಮೇಲೆ ಚಳಿಗಾಲದಲ್ಲಿ ಹಿಂದಿರುಗುತ್ತಿತ್ತು. ಕೆಂಪು ಸಮುದ್ರದ ಬಾಯಿಂದ ಕೇರಳದ ಮುಜಿರಿಸ್‌ಗೆ 40 ದಿನ ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಆ ದಾರಿಯಲ್ಲಿ ನಿಟ್ರಿಯಾಸ್ ಎಂಬಲ್ಲಿ ಕಡಲುಗಳ್ಳರಿದ್ದಾರೆ ಎಂದು ಎಚ್ಚರಿಸಿದವನೂ ಅವನೇ. ನಿಟ್ರಿಯಾಸ್ ಅಂದರೆ ನೇತ್ರಾವತಿಯ ಮಂಗಳೂರೇ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಮೊದಲನೆಯ ಶತಮಾನದಲ್ಲಿ ಹೆಸರಿಲ್ಲದ ಗ್ರೀಕ್ ವರ್ತಕನೊಬ್ಬ ಬರೆದಿಟ್ಟ 'ಪೆರಿಪ್ಲಸ್' ಎಂಬ ಕೈಪಿಡಿ, ಗುಜರಾತಿನ ಭರೂಚ್ ರೇವಿನಲ್ಲಿ ರಾಜನಿಗೆಂದು ಇಳಿಸುತ್ತಿದ್ದ ಸರಕನ್ನು ಹೆಸರಿಸುತ್ತದೆ: ಬೆಳ್ಳಿಯ ಪಾತ್ರೆ, ಹಾಡುವ ಹುಡುಗರು, ಉತ್ತಮ ದ್ರಾಕ್ಷಾರಸ. ಕಲೆ, ಸಂಗೀತ, ಊಟ. ಪುಸ್ತಿಕೆಯಲ್ಲಿ ಅಚ್ಚಾದ ಮೂರೂ ಆಗಲೇ ಹಡಗೇರಿದ್ದವು. ಜೊತೆಗೆ ರಾಜನ ಅಂತಃಪುರಕ್ಕೆಂದು ಹೆಣ್ಣುಮಕ್ಕಳೂ ಬರುತ್ತಿದ್ದರು. ಆ ಹುಡುಗರೂ ಬಹುಪಾಲು ಗುಲಾಮರೇ. ಈ ವ್ಯಾಪಾರದ ಸೊಬಗನ್ನು ಹೇಳುವಾಗ ಅದನ್ನು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಒಳನಾಡಿಗೆ ಬಂದದ್ದಕ್ಕೂ ಗುರುತುಗಳಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಒಟ್ಟಿಗೆ ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮೈಸೂರಿನ ಎಂ.ಎಚ್. ಕೃಷ್ಣರೂ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆದಾಗ ರೋಮನ್ ನಾಣ್ಯ ಮೇಲೆ ಬಂತು. ಆದರೆ ನಾಣ್ಯಕ್ಕೆ ಬಾಯಿಲ್ಲ. ಮಾತು ಸಿಕ್ಕಿದ್ದು ಬೇರೆ ಕಡೆ, ಅದೂ ಒಂದು ತಿಪ್ಪೆಯಲ್ಲಿ.

ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಅಲ್-ಬಹ್ನಸಾ ಎಂಬ ಊರಿದೆ. ಗ್ರೀಕರ ಕಾಲದಲ್ಲಿ ಅದು ಆಕ್ಸಿರಿಂಕಸ್, ನೈಲ್ ನದಿಯ ಚೂಪುಮೂತಿಯ ಮೀನೊಂದರ ಹೆಸರು ಹೊತ್ತ ಪಟ್ಟಣ. ಸುಮಾರು 11 ಸಾವಿರ ಜನ ಕೂರಬಹುದಾಗಿದ್ದ ಬಯಲು ರಂಗಮಂದಿರ ಅಲ್ಲಿತ್ತು. ಊರವರು ಶತಮಾನಗಟ್ಟಲೆ ಹಳೆ ಕಾಗದಪತ್ರಗಳನ್ನು ಊರಾಚೆ ಸುರಿದರು, ಮಳೆ ಕಾಣದ ಮರಳು ಅದನ್ನು ಕಾಪಾಡಿತು. 1896ರ ಚಳಿಗಾಲದಲ್ಲಿ ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ ಎಂಬ ಆಕ್ಸ್‌ಫರ್ಡಿನ ಇಬ್ಬರು ತರುಣರು ಆ ತಿಪ್ಪೆ ಅಗೆಯಲು ಹೋದರು. ಬುಟ್ಟಿಬುಟ್ಟಿ ಪಪೈರಸ್ ಸಿಕ್ಕಿತು. 1903ರಲ್ಲಿ ಅವರು ಅಚ್ಚು ಹಾಕಿಸಿದ ಮೂರನೆಯ ಸಂಪುಟದಲ್ಲಿ 413ನೆಯ ಸಂಖ್ಯೆಯದು ಒಂದು ಪ್ರಹಸನ. ಹಾಳೆ ಎರಡನೆಯ ಶತಮಾನದ್ದು.

ಕಥೆ ಸರಳ. ಚಾರಿಷನ್ ಎಂಬ ಗ್ರೀಕ್ ಹುಡುಗಿ ಹಿಂದೂ ಮಹಾಸಾಗರದ ಕರೆಯ ರಾಜನೊಬ್ಬನ ಸೆರೆಯಲ್ಲಿದ್ದಾಳೆ. ಚಂದ್ರದೇವತೆಗೆ ಬಲಿಕೊಡಲು ಅವಳನ್ನು ಗುಡಿಯಲ್ಲಿ ಇಟ್ಟಿದ್ದಾರೆ. ಅಣ್ಣ ಹಡಗು ತರುತ್ತಾನೆ. ಜೊತೆಯಲ್ಲಿ ನಾವಿಕರು, ಒಬ್ಬ ಹಾಸ್ಯಗಾರ. ನೀರು ಬೆರೆಸದ ಮದ್ಯವನ್ನು ರಾಜನಿಗೂ ಪರಿವಾರಕ್ಕೂ ಕುಡಿಸಿ, ಅಮಲೇರಿದವರನ್ನು ಕಟ್ಟಿಹಾಕಿ ಪಾರಾಗುವುದು ಉಪಾಯ. ಗ್ರೀಕರು ಮದ್ಯಕ್ಕೆ ನೀರು ಬೆರೆಸಿಯೇ ಕುಡಿಯುತ್ತಿದ್ದವರು, ಬೆರೆಸದೆ ಕುಡಿದವನ ಗತಿ ಏನೆಂದು ನೋಡುವ ಮಂದಿಗೆ ಗೊತ್ತಿತ್ತು. ಯೂರಿಪಿಡೀಸನ ಇಫಿಜೀನಿಯಾ ನಾಟಕದ ನೆರಳು ಇದರ ಮೇಲಿದೆ. ಆದರೆ ಇಲ್ಲಿ ಹಾಸ್ಯಗಾರ ಹೂಸಿನಿಂದಲೇ ಶತ್ರುಗಳನ್ನು ಓಡಿಸುತ್ತಾನೆ! ದೇವಿಗೆ ಒಪ್ಪಿಸಿದ ಒಡವೆಯನ್ನು ದೋಚಿಕೊಂಡು ಹೋಗೋಣ ಎಂದು ಅವನು ಅಂದಾಗ ಚಾರಿಷನ್ ಒಪ್ಪುವುದಿಲ್ಲ. ಕಾಪಾಡೆಂದು ಬೇಡುವವರು ದೇವರ ಸೊತ್ತಿಗೆ ಕೈ ಹಾಕಬಾರದು ಎನ್ನುತ್ತಾಳೆ. ಅಷ್ಟೊಂದು ಕೋಲಾಹಲದ ನಡುವೆ ಆ ಹುಡುಗಿಯ ಈ ನಿಲುವು ನನಗೆ ಬಹಳ ಹಿಡಿಸಿದೆ.

ಹಾಳೆಯಲ್ಲಿ ಮಾತುಗಳ ನಡುವೆ ಅಲ್ಲಲ್ಲಿ ಚಿಕ್ಕ ಗುರುತುಗಳಿವೆ. ತಮಟೆಯಂಥ ಚರ್ಮವಾದ್ಯವನ್ನು ಎಲ್ಲಿ ಬಡಿಯಬೇಕು, ಎಲ್ಲಿ ಹೆಚ್ಚು ಸಲ ಬಡಿಯಬೇಕು ಎಂಬ ಸೂಚನೆ ಅದು. ಓದುವ ಪುಸ್ತಕವಾಗಿರದೆ ಮೇಳದವರ ಕೈಯಲ್ಲಿ ಸವೆದ ಪ್ರತಿ ಇದು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಚೆಂಡೆಯ ಪೆಟ್ಟಿಗೆ ಹಾಸ್ಯಗಾರ ಕಾಲು ಎತ್ತುವುದನ್ನು ಕಂಡ ನಮ್ಮ ಯಕ್ಷಗಾನದ ಪ್ರೇಕ್ಷಕನಿಗೆ ಈ ಗುರುತುಗಳನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಮಾತು. ಸೆರೆಹಿಡಿದವರು ತಮ್ಮತಮ್ಮಲ್ಲಿ ಆಡುವ ಸಾಲುಗಳು ಗ್ರೀಕ್ ಲಿಪಿಯಲ್ಲಿವೆ, ಗ್ರೀಕ್ ಭಾಷೆಯಲ್ಲಿಲ್ಲ. ಅರ್ಥವಿಲ್ಲದ ಬಡಬಡಿಕೆ ಎಂದವರು ಉಂಟು. ಮದ್ರಾಸ್ ಸರ್ಕಾರದ ಶಾಸನತಜ್ಞರಾಗಿ ವರ್ಷಗಟ್ಟಲೆ ದಕ್ಷಿಣ ಭಾರತದ ಶಾಸನಗಳನ್ನು ಓದಿ ಜರ್ಮನಿಗೆ ಮರಳಿದ್ದ ಹುಲ್ಟ್ಶ್ 1904ರಲ್ಲಿ, ಇದು ಕನ್ನಡ ಎಂದರು. ಅವರಿಗೆ ನಾಟಕವೇ ಸುಳಿವು ಕೊಟ್ಟಿತ್ತು. ಒಂದು ಕಡೆ ಪಾತ್ರವೊಂದು ಇವರು ಏನನ್ನುತ್ತಿದ್ದಾರೆ ಎಂದು ಕೇಳುತ್ತದೆ, ಪಾಲಿಗೆ ಚೀಟಿ ಎತ್ತೋಣ ಅನ್ನುತ್ತಿದ್ದಾರೆ ಎಂದು ಇನ್ನೊಂದು ಪಾತ್ರ ಅರ್ಥ ಹೇಳುತ್ತದೆ. ಆ ಜಾಗದಲ್ಲಿ ಹುಲ್ಟ್ಶ್ ಅವರ ಕಿವಿಗೆ ಬಿದ್ದದ್ದು 'ಬೇರೆ', 'ಕೊಂಚ', 'ಮಧು', 'ಪಾತ್ರ'. ಬಟ್ಟಲಿಗೆ ಸ್ವಲ್ಪ ಬೇರೆಯಾಗಿ ಹಾಕಿಕೊಳ್ಳುವ ಮಾತು.

ಇಷ್ಟು ಹೊತ್ತಿಗೆ ಮೈಸೂರು ಈ ಕಥೆಯೊಳಗೆ ಬರುತ್ತದೆ. ಓರಿಯಂಟಲ್ ಲೈಬ್ರರಿಯ ಓಲೆಗರಿಗಳ ನಡುವೆ ಕೌಟಿಲ್ಯನ 'ಅರ್ಥಶಾಸ್ತ್ರ'ವನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಮುಂದೆ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾದರು. ಇಲಾಖೆಯ 1926ರ ವಾರ್ಷಿಕ ವರದಿಯಲ್ಲಿ ಶಿಲಾಶಾಸನ, ದೇವಾಲಯಗಳ ಸಾಲಿನಲ್ಲೇ ಅವರು ಈ ಗ್ರೀಕ್ ಹಾಳೆಗೂ ಜಾಗ ಕೊಟ್ಟು, ಅದರೊಳಗಿನ ಕನ್ನಡವನ್ನು ಬಿಡಿಸಲು ಕುಳಿತರು. ಅದೇ 1926ರಲ್ಲಿ ಲಂಡನ್ನಿನ ಎಲ್.ಡಿ. ಬಾರ್ನೆಟ್, ಇದು ಕನ್ನಡವೆಂಬುದು ನಿಲ್ಲುವ ವಾದವಲ್ಲ ಎಂದು ಬರೆದರು. ಕನ್ನಡವನ್ನು ಬಲ್ಲವರೇ ಆಡಿದ ಮಾತಾದ್ದರಿಂದ ಅದನ್ನು ತಳ್ಳಿಹಾಕಲಾಗದು.

ಮಂಜೇಶ್ವರದ ಗೋವಿಂದ ಪೈಗಳು ಕಡಲ ದಂಡೆಯವರು, ಅವರು ಮೊದಲು ಹುಡುಕಿದ್ದು ರೇವನ್ನು. ಹಾಳೆಯ ಅಕ್ಷರಗಳಲ್ಲಿ ಅವರಿಗೆ ಮಲ್ಪೆಯ ಹೆಸರು ಕಂಡಿತು. ಕಥೆ ನಡೆಯುವುದು ಉಡುಪಿಯ ಕರಾವಳಿಯಲ್ಲೇ ಎಂದು ವಾದಿಸಿದರು. 1985ರಲ್ಲಿ ಶಿವಪ್ರಸಾದ್ ರೈ ಅವರು ಇದು ತುಳು ಎಂದರು. ಕರಾವಳಿಯ ರೇವೇ ಆದರೆ ಕೂಲಿಯವರು, ಅಂಬಿಗರು ಆಡುತ್ತಿದ್ದ ಮಾತು ತುಳುವೇ ಆಗಿರಬಾರದೇಕೆ? ನನಗೆ ಅದು ನ್ಯಾಯವಾದ ಪ್ರಶ್ನೆ ಅನ್ನಿಸುತ್ತದೆ.

ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಇಡೀ ಸಂಭಾಷಣೆಯನ್ನು ಕನ್ನಡವಾಗಿ ಓದಲು ಹೋದರೆ ಅಕ್ಷರಗಳನ್ನು ಅಲ್ಲಲ್ಲಿ ತಿದ್ದಬೇಕಾಗುತ್ತದೆ, ಹಾಗೆ ತಿದ್ದಿದರೆ ಏನು ಬೇಕಾದರೂ ಸಿಗಬಹುದು. ಆದರೂ ಒಂದು ಸಣ್ಣ ಸಂಗತಿ ನನ್ನನ್ನು ಬಿಡುವುದಿಲ್ಲ. ಹುಲ್ಟ್ಶ್ 'ಹಾಕಿ' ಎಂದು ಓದಿದ ಪದ ಹಾಳೆಯಲ್ಲಿ ಪಕಾರದಿಂದ ಶುರುವಾಗುತ್ತದೆ. ನಮ್ಮ ಹಾಲು ಹಿಂದೆ ಪಾಲು, ಹೂವು ಹಿಂದೆ ಪೂವು. ಪಕಾರ ಹಕಾರಕ್ಕೆ ತಿರುಗಿದ್ದು ಹತ್ತನೆಯ ಶತಮಾನದ ಸುಮಾರಿಗೆ. ಎರಡನೆಯ ಶತಮಾನದ ಕನ್ನಡ ಹೇಗಿರಬೇಕಿತ್ತೋ ಹಾಗೆಯೇ ಇದೆ ಆ ಅಕ್ಷರ. ಬರೆದವನಿಗೆ ಕನ್ನಡ ಬರುತ್ತಿತ್ತು ಎಂದು ನಾನು ನಂಬುವುದಿಲ್ಲ. ರೇವಿನಲ್ಲಿ ಸರಕು ಇಳಿಸುವವರ, ಹೆಂಡದಂಗಡಿಯಲ್ಲಿ ಪಾಲು ಕೇಳುವವರ ದನಿಯನ್ನು ಕೇಳಿ ನೆನಪಿಟ್ಟುಕೊಂಡ ನಾವಿಕನೊಬ್ಬ ಅವನಿಗೆ ಗೊತ್ತಿದ್ದಿರಬೇಕು. ಎಂ.ಎಚ್. ಕೃಷ್ಣರು 1936ರಲ್ಲಿ ಹಾಸನ ಜಿಲ್ಲೆಯಲ್ಲಿ ಗುರುತಿಸಿದ ಹಲ್ಮಿಡಿ ಶಾಸನ ಸುಮಾರು 450ರದು. ದಾನ, ಯುದ್ಧಗಳನ್ನು ದಾಖಲಿಸುವ ಅರಸರ ಕನ್ನಡ ಅಲ್ಲಿದೆ. ಅದಕ್ಕಿಂತ ಇನ್ನೂರು ಮುನ್ನೂರು ವರ್ಷ ಹಿಂದೆ, ಬಟ್ಟಲು ಹಿಡಿದು ನನ್ನ ಪಾಲು ಎಲ್ಲಿ ಎಂದು ಕೇಳುವ ದುಡಿಮೆಗಾರನ ದನಿ ನೈಲ್ ದಂಡೆಯ ರಂಗದ ಮೇಲೆ ಕೇಳಿಸಿತ್ತು ಅನ್ನುವುದಾದರೆ, ನನಗೆ ಅದು ಶಾಸನದಷ್ಟೇ ದೊಡ್ಡದು.

ಇಷ್ಟನ್ನೂ ನಿನ್ನೆ ಎದುರುಮನೆಯ ಜಗಲಿಯಲ್ಲಿ ಕುಳಿತು ಹೇಳಿದೆ. ಅವರ ಹಡಗು ಬಹ್ನಸಾಗೆ ಹೋಗುವುದಿಲ್ಲ, ಅದು ಒಳನಾಡು. ಪುಸ್ತಿಕೆಯ ನಕ್ಷೆಯಲ್ಲಿ ಆ ಊರಿರಬೇಕಾದ ಕಡೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟೆ. ಯಜಮಾನರು ಕನ್ನಡಕ ಏರಿಸಿಕೊಂಡು ಚುಕ್ಕೆಯನ್ನೇ ನೋಡುತ್ತ ಕುಳಿತರು. ಅವರ ಮನೆಯವರು ಕೊತ್ತಂಬರಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು ಕೇಳಿದರು: "ಅದೆಲ್ಲ ಇರ್ಲಿ ಮೇಷ್ಟ್ರೇ, ಆ ಹುಡುಗಿ ಮನೆ ಸೇರ್ಕೊಂಡ್ಲಾ?"

"ಹಡಗು ಹತ್ತಿದ್ಲಮ್ಮ. ಹತ್ತೋಕೆ ಮುಂಚೆ ದೇವಿಗೆ ಕೈಮುಗಿದ್ಲು."