ಎರಡರ ಘನ ‘ಇಪ್ಪತ್ಮೂರು’ ಆದಾಗ...

ಗಡಿ ಶಾಲೆಗಳ ಗಣಿತ ಪ್ರಶ್ನೆಪತ್ರಿಕೆಗೆ ಪುಕ್ಕಟೆ ತಂತ್ರಾಂಶಗಳ ಆಸರೆ

ಅಕ್ಕಲಕೋಟ: ಎಂಟನೇ ಇಯತ್ತೆಯ ಘಟಕ ಚಾಚಣಿ ನಡೆದಿತ್ತು. 2³ರ ಬೆಲೆ ಬರೆಯಿರಿ ಎಂಬುದು ಒಂದು ಅಂಕದ ಪ್ರಶ್ನೆ. ಆದರೆ ಮಕ್ಕಳ ಕೈಗೆ ಬಂದ ಹಾಳೆಯಲ್ಲಿ ಮೂರು ಮೇಲೇರಿರಲಿಲ್ಲ, ಎರಡರ ಮಗ್ಗುಲಲ್ಲೇ ಕುಳಿತಿತ್ತು. ‘23ರ ಬೆಲೆ ಬರೆಯಿರಿ’! ಕೆಲವರು 23 ಎಂದೇ ಬರೆದರು, ಕೆಲವರು ಬಿಟ್ಟರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ‘ಗುರೂಜಿ, ಇದರಾಗ ಬಿಡಸೂದು ಏನೈತ್ರಿ?’ ಎಂದು ಕೇಳಿದಾಗಲೇ ತಪ್ಪು ಬಯಲಾದದ್ದು.

‘ತಪ್ಪು ನಮ್ಮದು ಅಂತ ಎಲ್ಲಾರಿಗೂ ಒಂದ್ ಅಂಕ ಕೊಟ್ಟೆ. ಆದ್ರ ಅದರ ಮ್ಯಾಲೆ ತಲಿ ಕೆಡಿಸಿಕೊಂಡು ಕುಂತ ಹುಡುಗೂರಿಗೆ ಹೋದ ಹೊತ್ತು ಹ್ಯಾಂಗ ತಿರುಗಿ ಕೊಡ್ಲಿ?’ ಎಂದು ತಾಲ್ಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರ ಆ ಗಣಿತ ಶಿಕ್ಷಕರು ಇಂದಿಗೂ ಪೇಚಾಡುತ್ತಾರೆ.

ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ಭಾಗದ ಕನ್ನಡ ಶಾಲೆಗಳಿಗೆ ಇಂಥ ಪೇಚು ಹೊಸದಲ್ಲ. ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕ ಕೊಡುತ್ತದೆ. ಆದರೆ ಪೇಟೆಯಲ್ಲಿ ಸಿಗುವ ಗೈಡು, ಸರಾವ ಪ್ರಶ್ನೆಪತ್ರಿಕೆಗಳು ಹೆಚ್ಚಾಗಿ ಮರಾಠಿ, ಇಂಗ್ಲಿಷಿನವು. ಇಂಡಿ, ಆಳಂದ ಕಡೆಯಿಂದ ತರಿಸಿದರೆ ಭಾಷೆ ಅದೇ, ಪಠ್ಯಕ್ರಮ ಬೇರೆ. ಹೀಗಾಗಿ ಪ್ರಶ್ನೆಯನ್ನು ಮಾಸ್ತರರೇ ಬರೆಯಬೇಕು, ಮಾಸ್ತರರೇ ಡಿಟಿಪಿ ಅಂಗಡಿಗೆ ಒಯ್ಯಬೇಕು.

ತಪ್ಪು ನುಸುಳುವುದೆಲ್ಲಿ?

‘ತಮ್ಮಾ, ಆ ಮೂರು ಮ್ಯಾಲೆ ಏರಿಸಪಾ’ ಎಂದರೆ, ‘ಏರಿಸಿದ್ದೆರಿ ಗುರೂಜಿ, ಫಾಂಟ್ ಬದಲ್ ಮಾಡಿದ ಕೂಡ್ಲೆ ಇಳದ್ ಬಿಡ್ತು’ ಎನ್ನುತ್ತಾನೆ ಅಂಗಡಿಯ ಹುಡುಗ. ಅವನ ಮಾತು ಸುಳ್ಳಲ್ಲ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಕೂರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ. ಬೀಜಗಣಿತದ ‘ಎಕ್ಸ್’ ಬೇಕೆಂದರೆ ಪ್ರತಿಸಲ ಫಾಂಟ್ ಬದಲಿಸಬೇಕು. ಒಂದು ಕಡೆ ಮರೆತರೆ ಎಕ್ಸ್ ಹೋಗಿ ಕನ್ನಡದ ಯಾವುದೋ ಅಕ್ಷರ ಬಂದು ಕೂರುತ್ತದೆ. ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಪರಿವರ್ತಿಸುವಾಗ ಬರೀ ಪಠ್ಯ ನಕಲಾದರೆ, ಮೇಲೇರಿಸಿದ್ದ ಘಾತಾಂಕ ಕೆಳಗಿಳಿಯುತ್ತದೆ. 2³ ಇದ್ದದ್ದು 23 ಆದದ್ದು ಹೀಗೆಯೇ.

ಭಿನ್ನರಾಶಿಯದೂ ಇದೇ ಪಾಡು. ಅಂಶದಲ್ಲಿ 5+1, ಛೇದದಲ್ಲಿ 2 ಇದ್ದರೆ ಉತ್ತರ 3. ಅದನ್ನೇ ಅವಸರದಲ್ಲಿ ಒಂದೇ ಸಾಲಿಗೆ 5+1/2 ಎಂದು ಹೊಡೆದರೆ ಉತ್ತರ ಐದೂವರೆ! ಕಥೆ, ಕವಿತೆಯಲ್ಲಿ ಒಂದು ಅಕ್ಷರ ತಪ್ಪಿದರೆ ಓದುಗ ತಾನೇ ತಿದ್ದಿಕೊಳ್ಳುತ್ತಾನೆ. ಲೆಕ್ಕದಲ್ಲಿ ತಪ್ಪಿದರೆ ಪರೀಕ್ಷೆಗೆ ಕುಳಿತ ಮಗು ಬೇರೆ ಲೆಕ್ಕವನ್ನೇ ಬಿಡಿಸುತ್ತದೆ.

ಕೂಡಿಟ್ಟ ಗಂಟು ಕೈಕೊಟ್ಟಿತು

ಕಂಪ್ಯೂಟರ್ ಕಲಿತ ಶಿಕ್ಷಕರಿಗೆ ಬಹಳ ವರ್ಷ ನೆರವಾದದ್ದು ವರ್ಡ್‌ನೊಳಗಿದ್ದ ‘ಇಕ್ವೇಶನ್ ಎಡಿಟರ್ 3.0’. ಅದರಲ್ಲಿ ಭದ್ರತೆಯ ದೋಷ ಕಂಡುಬಂದ ಕಾರಣ 2018ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ತೆಗೆದುಹಾಕಿತು. ಹಳೆಯ ಕಡತಗಳಲ್ಲಿದ್ದ ಸಮೀಕರಣಗಳನ್ನು ಅದೇ ಸಾಧನದಿಂದ ತಿದ್ದಲು ಬರದಂತಾಯಿತು. ಮ್ಯಾಥ್‌ಟೈಪ್ ಎಂಬ ತಂತ್ರಾಂಶದಲ್ಲಿ ತಿದ್ದಬಹುದು, ಆದರೆ ಅದಕ್ಕೆ ದುಡ್ಡು ಕೊಡಬೇಕು. ವರ್ಷಗಟ್ಟಲೆ ಕೂಡಿಟ್ಟ ಪ್ರಶ್ನೆಗಳನ್ನು ಹೊಸದಾಗಿ ಹೊಡೆಯುವ ಪ್ರಸಂಗ ಅಕ್ಕಲಕೋಟದ ಈ ಗುರುಗಳಿಗೂ ಬಂತು. ಇನ್ನೊಮ್ಮೆ ಹೀಗಾಗಬಾರದು ಎಂದು ಹುಡುಕುತ್ತ ಹೋದಾಗ ಅವರಿಗೆ ಸಿಕ್ಕದ್ದು ‘ಟೆಕ್’.

ಸಿಟ್ಟಿನಿಂದ ಹುಟ್ಟಿದ ತಂತ್ರಾಂಶ

ಟೆಕ್‌ನ ಜನ್ಮಕ್ಕೂ ಕೆಟ್ಟ ಅಚ್ಚೇ ಕಾರಣ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಕನೂತ್ 1977ರಲ್ಲಿ ತಮ್ಮ ಪುಸ್ತಕದ ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ನೋಡಿ ಬೇಸತ್ತರು. ಮೊಳೆ ಜೋಡಿಸಿ ಅಚ್ಚು ಹಾಕಿದ ಹಳೆಯ ಆವೃತ್ತಿಯ ಅಂದ ಅದರಲ್ಲಿರಲಿಲ್ಲ. ತಾವೇ ತಂತ್ರಾಂಶ ಬರೆಯಲು ಕುಳಿತರು. 1978ರಲ್ಲಿ ಟೆಕ್‌ನ ಮೊದಲ ರೂಪ ಬಂತು. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅದರ ಮೇಲೆ ‘ಲೇಟೆಕ್’ ಕಟ್ಟಿ ಬಳಕೆ ಸುಲಭ ಮಾಡಿದರು. ಎರಡೂ ಪುಕ್ಕಟೆ. ಟೆಕ್ ಬಳಕೆದಾರರ ಅಂತರರಾಷ್ಟ್ರೀಯ ಸಮ್ಮೇಳನ 2002 ಮತ್ತು 2011ರಲ್ಲಿ ಕೇರಳದ ತಿರುವನಂತಪುರದಲ್ಲೇ ನಡೆದಿದೆ.

ಇದರ ಗುಟ್ಟು ಸರಳ. ಸಮೀಕರಣವನ್ನು ಚಿತ್ರವಾಗಿ ಬಿಡಿಸದೆ ಮಾತಿನಲ್ಲಿ ಹೇಳುವುದು. ಘಾತಾಂಕ ಬೇಕಿದ್ದರೆ ಮೇಲ್ಮುಖದ ಬಾಣದ ಗುರುತು ಹಾಕಿ ಸಂಖ್ಯೆ ಬರೆದರಾಯಿತು. ಭಿನ್ನರಾಶಿಗೆ ‘ಫ್ರ್ಯಾಕ್’ ಎಂಬ ಆಜ್ಞೆ ಕೊಟ್ಟು, ಮರಾಠಿ ಶಾಲೆಯವರು ಮಹಿರಪಿ ಕಂಸ ಎನ್ನುವ ಪುಷ್ಪಾವರಣದಲ್ಲಿ ಮೊದಲು ಅಂಶ, ಆಮೇಲೆ ಛೇದ. ಗೆರೆ ಎಳೆಯುವುದು, ಅಕ್ಷರ ಸಣ್ಣ ಮಾಡುವುದು, ಸಾಲು ಹೊಂದಿಸುವುದು ಎಲ್ಲ ತಂತ್ರಾಂಶದ ಕೆಲಸ. ನಡುವಿನ ಒಂದು ಪ್ರಶ್ನೆ ತೆಗೆದರೆ ಮುಂದಿನ ಕ್ರಮಸಂಖ್ಯೆಗಳೂ ತಾವೇ ಬದಲಾಗುತ್ತವೆ. ಕಡತ ಬರೀ ಪಠ್ಯವಾದ್ದರಿಂದ ಯಾವ ಕಂಪ್ಯೂಟರಿನಲ್ಲಿಯೂ ತೆರೆಯುತ್ತದೆ, ನಕಲು ಮಾಡಿದರೂ ಘಾತಾಂಕದ ಗುರುತು ಅಳಿಯುವುದಿಲ್ಲ.

ಆಜ್ಞೆ ಬಾಯಿಪಾಠ ಮಾಡಲು ಬೇಸರವೇ? ಅಂಥವರಿಗೆ 1995ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಶ್ ಆರಂಭಿಸಿದ ‘ಲಿಕ್ಸ್’ ಇದೆ. ಬಟನ್ ಒತ್ತಿದರೆ ಭಿನ್ನರಾಶಿ, ವರ್ಗಮೂಲ ಪರದೆಯ ಮೇಲೇ ಕಾಣುತ್ತವೆ, ಹಿಂದುಗಡೆ ಲೇಟೆಕ್ ಕೆಲಸ ಮಾಡುತ್ತದೆ. ವರ್ಡ್ 2007 ಮತ್ತು ನಂತರದ ಆವೃತ್ತಿ ಇದ್ದವರು ಆಲ್ಟ್ ಕೀಲಿಯೊಂದಿಗೆ ಸಮ ಚಿಹ್ನೆ ಒತ್ತಿದರೆ ಸಮೀಕರಣದ ಚೌಕಟ್ಟು ತೆರೆಯುತ್ತದೆ. ಪುಕ್ಕಟೆಯ ಲಿಬ್ರೆಆಫೀಸ್‌ನಲ್ಲಿ ‘1 ಓವರ್ 2’ ಎಂದು ಇಂಗ್ಲಿಷಿನಲ್ಲಿ ಬರೆದರೆ ಅರ್ಧ ಮೂಡುತ್ತದೆ.

ಕನ್ನಡ ಬರುತ್ತದೆಯೇ?

ಬರುತ್ತದೆ. ಜೊನಾಥನ್ ಕ್ಯೂ 2004ರಲ್ಲಿ ಹೊರತಂದ ‘ಝೀಟೆಕ್’ ಯೂನಿಕೋಡ್ ಅಕ್ಷರಗಳನ್ನು ನೇರವಾಗಿ ಓದುತ್ತದೆ. ನೋಟೊ, ಲೋಹಿತ್‌ನಂಥ ಪುಕ್ಕಟೆ ಕನ್ನಡ ಫಾಂಟ್ ಹಾಕಿಕೊಂಡರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ, ಎಕ್ಸ್ ಕೂಡ ಎಕ್ಸ್ ಆಗಿಯೇ ಉಳಿಯುತ್ತದೆ. ಲಿಕ್ಸ್ ಬಳಸುವವರು ದಾಖಲೆಯ ಸೆಟ್ಟಿಂಗ್‌ನಲ್ಲಿ ‘ನಾನ್-ಟೆಕ್ ಫಾಂಟ್’ ಆಯ್ಕೆ ಮಾಡಿಕೊಳ್ಳಬೇಕು. ಒಂದೇ ಕಡತದಲ್ಲಿ ಕನ್ನಡ, ದೇವನಾಗರಿ ಎರಡನ್ನೂ ಇಡಬಹುದು.

ಈ ಕೊನೆಯ ಅನುಕೂಲವೇ ಗಡಿ ಶಾಲೆಗೆ ಹೆಚ್ಚು ಉಪಯೋಗ. ಮಗ್ಗುಲ ಕೋಣೆಯ ಮರಾಠಿ ಮಾಧ್ಯಮದ ಬಾಯಿಯವರು ಮಾಡಿದ ಪತ್ರಿಕೆಯ ಸಮೀಕರಣಗಳನ್ನು ಗುರುಗಳು ಹಾಗೆಯೇ ಇಟ್ಟುಕೊಂಡು ಮಾತಷ್ಟೇ ಕನ್ನಡಕ್ಕೆ ತರುತ್ತಾರೆ. ಇವರ ಲೆಕ್ಕಗಳು ಅವರಿಗೂ ಹೋಗುತ್ತವೆ. ಪಠ್ಯಕ್ರಮ ಇಬ್ಬರದೂ ಒಂದೇ.

ಹಾಗೆಂದು ಎಲ್ಲವೂ ಹೂ ಎತ್ತಿದಂತಲ್ಲ. ಟೆಕ್‌ನ ಪೂರ್ತಿ ಸಂಗ್ರಹ ಹಲವು ಗಿಗಾಬೈಟ್ ಇದೆ, ಹಳ್ಳಿಯ ನೆಟ್‌ನಲ್ಲಿ ಇಳಿಸುವುದು ತ್ರಾಸು. ಪೇಟೆಗೆ ಹೋದಾಗ ಪೆನ್‌ಡ್ರೈವ್‌ನಲ್ಲಿ ತಂದುಕೊಳ್ಳಬಹುದು ಇಲ್ಲವೇ ಅಂತರ್ಜಾಲದಲ್ಲೇ ನಡೆಯುವ ‘ಓವರ್‌ಲೀಫ್’ನ ಉಚಿತ ಖಾತೆ ತೆರೆಯಬಹುದು. ಒಂದು ಕಂಸ ಮರೆತರೂ ತಂತ್ರಾಂಶ ತಕರಾರು ತೆಗೆಯುತ್ತದೆ. ‘ಮೊದಲ ಹದಿನೈದು ದಿವಸ ಸಾಕಪ್ಪಾ ಸಾಕು ಅನಿಸಿತ್ತು. ಹಳೇ ಪತ್ರಿಕೆ ಒಂದನ್ನ ಇಟಗೊಂಡು ಅದನ್ನ ತಿದ್ದಿ ತಿದ್ದಿ ಕಲಿತೆ’ ಎನ್ನುತ್ತಾರೆ ಗುರುಗಳು. ಕೈಬರಹದ ಫೋಟೊದಿಂದ ಸಮೀಕರಣ ಮಾಡಿಕೊಡುವ ಮ್ಯಾಥ್‌ಪಿಕ್ಸ್‌ನಂಥ ಸಾಧನಗಳೂ ಈಗ ಬಂದಿವೆ. ಅವು ಕೊಟ್ಟದ್ದನ್ನೂ ಕಣ್ಣಾರೆ ನೋಡಿಯೇ ಇಟ್ಟುಕೊಳ್ಳಬೇಕು.

ತಂತ್ರಾಂಶ ಎಷ್ಟೇ ಒಳ್ಳೆಯದಿದ್ದರೂ ಗುರುಗಳು ಒಂದು ರೂಢಿ ಬಿಟ್ಟಿಲ್ಲ. ಪತ್ರಿಕೆ ಝೆರಾಕ್ಸ್‌ಗೆ ಹೋಗುವ ಮೊದಲು ಬಾಯಿಯವರು ಪೆನ್ನು ಹಿಡಿದು ಪ್ರತಿ ಲೆಕ್ಕವನ್ನೂ ಅಚ್ಚಾದ ಹಾಳೆ ನೋಡಿಯೇ ಬಿಡಿಸುತ್ತಾರೆ. ಉತ್ತರ ತಾಳೆಯಾದರೆ ಮಾತ್ರ ಹಾಳೆ ಅಂಗಡಿಗೆ ಹೋಗುತ್ತದೆ.